ಪಾಟಿಚೀಲ ಹೊತ್ತ ದಾರಿಗಳು

ಜಗತ್ತಿನ ಕೋಟ್ಯಂತರ ಮಕ್ಕಳು ಇಂದಿಗೂ ಶಾಲೆಗೆ ನಡೆದೇ ಹೋಗುತ್ತಾರೆ. ಉಳಿದವರಲ್ಲಿ ಕೆಲವರು ಸೈಕಲ್ ತುಳಿಯುತ್ತಾರೆ, ಕೆಲವರು ಹಳದಿ ಬಸ್ಸು ಹತ್ತುತ್ತಾರೆ. ಕೆಲವರಿಗೆ ದೋಣಿ, ಕೆಲವರಿಗೆ ಕುದುರೆ, ಕೆಲವರಿಗೆ ರೈಲು, ಆಟೊ ಅಥವಾ ಅಪ್ಪನ ಸ್ಕೂಟರು. ಶಾಲೆ ಎಷ್ಟು ದೂರ, ನಡುವೆ ಎಂಥ ನೆಲ, ಮನೆಯಲ್ಲಿ ಎಷ್ಟು ಅನುಕೂಲ ಎಂಬ ಮೂರು ಸಂಗತಿಗಳೇ ಇದನ್ನೆಲ್ಲ ನಿರ್ಧರಿಸುತ್ತವೆ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಸಿರಿವಂತಿಕೆಯಲ್ಲಿ, ರಸ್ತೆಗಳ ಗುಣಮಟ್ಟದಲ್ಲಿ ಹೆಚ್ಚುಕಡಿಮೆ ಸರಿಸಮಾನವಾದ ಎರಡು ದೇಶಗಳಲ್ಲಿ ಒಂದರ ಏಳು ವರ್ಷದ ಮಗು ತಾನಾಗಿಯೇ ನಡೆದು ಶಾಲೆ ಸೇರುತ್ತದೆ. ಇನ್ನೊಂದರ ಮಗು ಅಷ್ಟೇ ದೂರಕ್ಕೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಿರುತ್ತದೆ. ದಾರಿಯಲ್ಲಿರುವ ಮಗುವಿನ ಹೊಣೆ ಮನೆಯದೋ, ಊರಿನದೋ, ಸರ್ಕಾರದ್ದೋ ಎಂಬ ಪ್ರಶ್ನೆಗೆ ಆಯಾ ಸಮಾಜ ಕಂಡುಕೊಂಡ ಉತ್ತರ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಈ ಉತ್ತರಗಳಲ್ಲಿ ಹೆಚ್ಚಿನವು ತೀರ ಹಳೆಯವೇನಲ್ಲ. ಎಷ್ಟೋ ಪದ್ಧತಿಗಳ ಹಿಂದೆ ಒಂದು ಅಪಘಾತವೋ, ಒಂದು ಚಳವಳಿಯೋ, ಒಂದು ಕೋರ್ಟು ತೀರ್ಪೋ ಇದೆ.

ಸಾಲು ಹಿಡಿದ ನಡಿಗೆ

ಜಪಾನಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳು ಬಹುತೇಕ ನಡೆದೇ ಹೋಗುತ್ತಾರೆ. ಅನೇಕ ಊರುಗಳಲ್ಲಿ ‘ಶೂದಾನ್ ತೋಕೋ’ ಎಂಬ ಗುಂಪು ನಡಿಗೆಯ ಪದ್ಧತಿಯಿದೆ. ಒಂದು ಕೇರಿಯ ಮಕ್ಕಳೆಲ್ಲ ಬೆಳಿಗ್ಗೆ ಗೊತ್ತಾದ ಜಾಗದಲ್ಲಿ ಸೇರುತ್ತಾರೆ. ಆರನೇ ತರಗತಿಯ ಹುಡುಗನೋ ಹುಡುಗಿಯೋ ಮುಂದೆ, ಚಿಕ್ಕವರು ನಡುವೆ, ಇನ್ನೊಬ್ಬ ದೊಡ್ಡ ಮಗು ಕೊನೆಗೆ. ಹೀಗೆ ಸಾಲು ಹೊರಡುತ್ತದೆ. ಯಾವ ಬೀದಿಯಲ್ಲಿ ನಡೆಯಬೇಕು, ಎಲ್ಲಿ ರಸ್ತೆ ದಾಟಬೇಕು ಎಂಬುದನ್ನು ಶಾಲೆ ಮೊದಲೇ ನಿಗದಿ ಮಾಡಿರುತ್ತದೆ. ಆ ಗೊತ್ತಾದ ದಾರಿಗೆ ‘ತ್ಸೂಗಾಕುರೊ’ ಎಂದು ಹೆಸರು. ಹತ್ತಿರವಾಗುತ್ತದೆಂದು ಅಡ್ಡದಾರಿ ಹಿಡಿಯುವಂತಿಲ್ಲ.

ಒಂದನೇ ತರಗತಿಯ ಮಕ್ಕಳಿಗೆ ಅನೇಕ ಕಡೆ ಹಳದಿ ಟೋಪಿ, ಬೆನ್ನಚೀಲಕ್ಕೆ ಹಳದಿ ಹೊದಿಕೆ ಇರುತ್ತದೆ. ಎದುರಿಗಿರುವುದು ದಾರಿಗೆ ಇನ್ನೂ ಹೊಸಬರಾದ ಮಕ್ಕಳು ಎಂದು ವಾಹನ ಚಾಲಕರಿಗೆ ಅದು ದೂರದಿಂದಲೇ ತಿಳಿಸುತ್ತದೆ. ಅಡ್ಡರಸ್ತೆಗಳಲ್ಲಿ ಪೋಷಕರು, ನಿವೃತ್ತರು ಹಳದಿ ಬಾವುಟ ಹಿಡಿದು ನಿಂತಿರುತ್ತಾರೆ. ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸರನ್ನು 1959ರಲ್ಲಿ ಟೋಕಿಯೊ ನಗರ ನೇಮಿಸಿತು. ಜನ ಅವರನ್ನು ಕರೆದದ್ದು ‘ಹಸಿರು ಚಿಕ್ಕಮ್ಮ’ ಎಂದು. ದಾರಿಯುದ್ದಕ್ಕೂ ಕೆಲವು ಮನೆ, ಅಂಗಡಿಗಳ ಮುಂದೆ ಒಂದು ಫಲಕ ಕಾಣುತ್ತದೆ. ಹೆದರಿದ ಮಗು ಯಾವ ಹೊತ್ತಿನಲ್ಲಾದರೂ ಅಲ್ಲಿಗೆ ಓಡಿಹೋಗಬಹುದು ಎಂಬುದು ಅದರ ಅರ್ಥ. ಜಪಾನಿನ ಮಗು ಒಂಟಿಯಾಗಿ ನಡೆದಂತೆ ಹೊರಗಿನವರಿಗೆ ಕಂಡರೂ ಅದರ ಮೇಲೆ ಇಡೀ ಕೇರಿಯ ಕಣ್ಣಿರುತ್ತದೆ. ಇಷ್ಟು ಏರ್ಪಾಡಿನ ನಡುವೆಯೂ 2021ರಲ್ಲಿ ಚಿಬಾ ಪ್ರಾಂತದ ಯಾಚಿಮಾತಾ ಊರಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಮಕ್ಕಳ ಮೇಲೆ ಕುಡಿದ ಚಾಲಕನ ಲಾರಿ ಹರಿಯಿತು. ಆ ಬಳಿಕ ದೇಶದಾದ್ಯಂತ ಶಾಲಾ ದಾರಿಗಳ ತಪಾಸಣೆ ನಡೆಯಿತು.

ಜಪಾನೀ ಮಕ್ಕಳ ಬೆನ್ನಿನ ಮೇಲಿರುವ ಗಟ್ಟಿ ಚೀಲ ‘ರಾಂದೊಸೆರು’. ಸೈನಿಕರ ಬೆನ್ನಚೀಲಕ್ಕಿದ್ದ ಡಚ್ ಹೆಸರಿನಿಂದ ಈ ಪದ ಬಂದಿದೆ. ಚೀಲ ಶಾಲೆಗೆ ಬಂದ ಕಥೆಯಲ್ಲೂ ನಡಿಗೆಯ ವಿಷಯವಿದೆ. ಸಿರಿವಂತ ಮನೆತನಗಳ ಮಕ್ಕಳು ಓದುತ್ತಿದ್ದ ಟೋಕಿಯೊದ ಗಾಕುಶೂಯಿನ್ ಶಾಲೆ 1885ರಲ್ಲಿ ಮಕ್ಕಳು ಕುದುರೆಗಾಡಿ, ರಿಕ್ಷಾಗಳಲ್ಲಿ ಬರುವುದನ್ನು ನಿಷೇಧಿಸಿತು. ಆಳುಗಳ ಕೈಯಲ್ಲಿ ಪುಸ್ತಕ ಹೊರಿಸುವುದೂ ನಿಂತಿತು. ಯಾರ ಮಗುವಾದರೂ ತನ್ನ ಹೊರೆ ತಾನೇ ಹೊತ್ತು ಬರಬೇಕೆಂಬ ಈ ನಿಯಮದಿಂದಾಗಿ ಬೆನ್ನಚೀಲ ಬಳಕೆಗೆ ಬಂತು.

ಸ್ವಿಟ್ಜರ್ಲೆಂಡಿನಲ್ಲಿ ಶಿಶುವಿಹಾರದ ಮಕ್ಕಳೂ ಪೋಷಕರಿಲ್ಲದೆ ನಡೆದು ಹೋಗುವುದು ವಾಡಿಕೆ. ಮೊದಮೊದಲು ಅಪ್ಪ ಅಮ್ಮ ಜೊತೆಗೆ ಹೋಗಿ ದಾರಿ ಪರಿಚಯಿಸುತ್ತಾರೆ, ಆಮೇಲೆ ಬಿಟ್ಟುಕೊಡುತ್ತಾರೆ. ಮಗುವಿನ ಕೊರಳಲ್ಲಿ ಬೆಳಕು ಬಿದ್ದರೆ ಹೊಳೆಯುವ ತ್ರಿಕೋನಾಕಾರದ ಪಟ್ಟಿ ಇರುತ್ತದೆ. ಗೆಳೆಯರೊಂದಿಗೆ ಜಗಳವಾಡಿ ರಾಜಿಯಾಗುವುದು, ಬಸವನಹುಳು ನೋಡುತ್ತ ನಿಲ್ಲುವುದು ಎಲ್ಲವೂ ಕಲಿಕೆಯೇ ಎಂದು ಅಲ್ಲಿನವರು ನಂಬುತ್ತಾರೆ.

ಸೈಕಲ್ಲಿನ ನಾಡು ಆದದ್ದು ಹೇಗೆ

ನೆದರ್ಲೆಂಡ್ಸ್‌ನ ಹೈಸ್ಕೂಲುಗಳ ಮುಂದೆ ನೂರಾರು ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಪ್ರಾಥಮಿಕ ಶಾಲೆಯ ಹಿರಿಯ ತರಗತಿಯಲ್ಲಿ ಮಕ್ಕಳಿಗೆ ಸಂಚಾರದ ಪರೀಕ್ಷೆ ನಡೆಯುತ್ತದೆ. ಕಾಗದದ ಮೇಲೆ ಉತ್ತರ ಬರೆಯುವುದಲ್ಲದೆ ಊರಿನ ರಸ್ತೆಯಲ್ಲಿ ಸೈಕಲ್ ಓಡಿಸಿಯೂ ತೋರಿಸಬೇಕಾಗುತ್ತದೆ. ಸಮತಟ್ಟು ನೆಲ, ಒತ್ತೊತ್ತಾದ ಊರುಗಳು ಸೈಕಲ್ಲಿಗೆ ಅನುಕೂಲವಾಗಿರುವುದು ನಿಜ. ಆದರೆ ಎರಡನೇ ಮಹಾಯುದ್ಧದ ಬಳಿಕ ಈ ದೇಶವೂ ಕಾರಿನ ಹಿಂದೆ ಬಿದ್ದಿತ್ತು. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಿಗೆ ಸುಮಾರು 3,300 ಜನ ಬಲಿಯಾದರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ತಲೆಬರಹದಡಿ ಬರೆದ ಲೇಖನ ಅದೇ ಹೆಸರಿನ ಚಳವಳಿಗೆ ಕಾರಣವಾಯಿತು. ತಾಯಂದಿರು, ಮಕ್ಕಳು ಬೀದಿಗಳನ್ನು ಅಡ್ಡಗಟ್ಟಿ ಕೂತರು. 1973ರಲ್ಲಿ ತೈಲ ಬಿಕ್ಕಟ್ಟು ಬಂದು ಕೆಲವು ಭಾನುವಾರ ಕಾರುಗಳೇ ಇಲ್ಲದ ರಸ್ತೆ ಹೇಗಿರುತ್ತದೆಂದು ಜನ ಕಂಡರು. ಆ ಬಳಿಕ ಸೈಕಲ್ಲಿಗೇ ಮೀಸಲಾದ ಪಥಗಳು, ವಾಹನ ನಿಧಾನವಾಗಿ ಸಾಗಲೇಬೇಕಾದ ವಸತಿ ಬೀದಿಗಳು ಹೆಚ್ಚುತ್ತ ಹೋದವು. ಇಂದು ಡಚ್ ಮಕ್ಕಳು ನಿರಾತಂಕವಾಗಿ ತುಳಿಯುವ ದಾರಿ ಈ ಹೋರಾಟದ ಫಲ.

ಭಾರತದಲ್ಲಿ ಸೈಕಲ್ ಬೇರೊಂದು ಸಮಸ್ಯೆಗೆ ಪರಿಹಾರವಾಗಿ ಬಂತು. ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ, ಹೈಸ್ಕೂಲು ನಾಲ್ಕಾರು ಕಿಲೋಮೀಟರ್ ಆಚೆ. ಹೆಣ್ಣುಮಕ್ಕಳ ಓದು ನಿಲ್ಲುತ್ತಿದ್ದದ್ದು ಹೆಚ್ಚಾಗಿ ಈ ನಡುವಿನ ದಾರಿಯಲ್ಲಿ. 2006ರಲ್ಲಿ ಬಿಹಾರ ಸರ್ಕಾರ ಒಂಬತ್ತನೇ ತರಗತಿ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ನೆರೆಯ ಜಾರ್ಖಂಡ್ ಜೊತೆ ಹೋಲಿಸಿ ಈ ಯೋಜನೆಯ ಫಲವನ್ನು ಅಳೆದರು. ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಕುಗ್ಗಿತ್ತು. ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಪರಿಣಾಮ ಹೆಚ್ಚಾಗಿತ್ತು. ಅಂದರೆ ಕೆಲಸ ಮಾಡಿದ್ದು ಹಣಕ್ಕಿಂತ ಹೆಚ್ಚಾಗಿ ಚಕ್ರ. ಹುಡುಗಿಯರು ಗುಂಪಾಗಿ ತುಳಿಯುವುದರಿಂದ ದಾರಿಯ ಭಯವೂ ಕಡಿಮೆಯಾಯಿತು.

ಕರ್ನಾಟಕದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಆರಂಭವಾಯಿತು. ಮುಂದೆ ಹಳ್ಳಿಯ ರಸ್ತೆಗಳಲ್ಲಿ ಒಂದೇ ಬಣ್ಣದ ಸೈಕಲ್ಲುಗಳ ಸಾಲು, ಕ್ಯಾರಿಯರ್ ಮೇಲೆ ಕೂತ ತಂಗಿ ಅಥವಾ ತಮ್ಮ, ಹ್ಯಾಂಡಲ್ಲಿಗೆ ತೂಗುಬಿದ್ದ ಊಟದ ಡಬ್ಬಿ ಸಾಮಾನ್ಯ ನೋಟವಾದವು. ಕೋವಿಡ್ ಕಾಲದಲ್ಲಿ ಈ ವಿತರಣೆ ನಿಂತಿತು. ಆಫ್ರಿಕಾದ ಜಾಂಬಿಯಾದಲ್ಲೂ ಹಳ್ಳಿಯ ಹುಡುಗಿಯರಿಗೆ ಗಟ್ಟಿಮುಟ್ಟಾದ ಸೈಕಲ್ ಕೊಟ್ಟು ನೋಡಲಾಗಿದೆ. ಅಲ್ಲಿ ಶಾಲೆ ತಲುಪುವ ಹೊತ್ತು ಹೆಚ್ಚುಕಡಿಮೆ ಮೂರನೇ ಒಂದರಷ್ಟು ಉಳಿಯಿತು, ಗೈರುಹಾಜರಿಯೂ ಇಳಿಯಿತು.

ಹಳದಿ ಬಸ್ಸು

ಅಮೆರಿಕದಲ್ಲಿ 1930ರ ಹೊತ್ತಿಗೂ ಸುಮಾರು 1.5 ಲಕ್ಷ ಒಂದು ಕೋಣೆಯ ಶಾಲೆಗಳಿದ್ದವು. ಅವುಗಳನ್ನು ಮುಚ್ಚಿ ದೊಡ್ಡ ಶಾಲೆಗಳಿಗೆ ಸೇರಿಸುತ್ತ ಹೋದಂತೆ ಮಕ್ಕಳ ಮನೆಯಿಂದ ಶಾಲೆ ದೂರವಾಯಿತು. ಮೊದಲು ಕುದುರೆಗಾಡಿಗಳು, ಬಳಿಕ ಲಾರಿಯಂಥ ಬಂಡಿಗಳು ಮಕ್ಕಳನ್ನು ಸಾಗಿಸಿದವು. ಒಂದೊಂದು ಊರಿನಲ್ಲಿ ಒಂದೊಂದು ಬಣ್ಣ, ಒಂದೊಂದು ಅಳತೆ. ದೇಶಭಕ್ತಿ ಬೆಳೆಯಲೆಂದು ಬಾವುಟದ ಕೆಂಪು, ಬಿಳಿ, ನೀಲಿ ಬಳಿದ ಬಸ್ಸುಗಳೂ ಇದ್ದವು. 1939ರ ಏಪ್ರಿಲ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಫ್ರಾಂಕ್ ಸೈರ್ ನ್ಯೂಯಾರ್ಕಿನಲ್ಲಿ ಶಿಕ್ಷಣಾಧಿಕಾರಿಗಳನ್ನೂ ಬಸ್ ತಯಾರಕರನ್ನೂ ಒಟ್ಟು ಸೇರಿಸಿದರು. ಬಸ್ಸಿನ ಎತ್ತರ, ನಡುವಿನ ಹಾದಿಯ ಅಗಲ ಸೇರಿ 44 ಮಾನದಂಡಗಳು ಏಳು ದಿನಗಳಲ್ಲಿ ತೀರ್ಮಾನವಾದವು. ಗೋಡೆಗೆ ಅಂಟಿಸಿದ್ದ ಹತ್ತಾರು ಛಾಯೆಗಳ ಪಟ್ಟಿಗಳಿಂದ ಈಗಿನ ಹಳದಿಯನ್ನು ಆರಿಸಲಾಯಿತು. ನಸುಕಿನ ಮಬ್ಬಿನಲ್ಲೂ ಅದು ಬೇಗ ಕಣ್ಣಿಗೆ ಬೀಳುತ್ತದೆ. ಅದರ ಮೇಲಿನ ಕಪ್ಪು ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ.

ಇಂದು ಅಮೆರಿಕದ ಸುಮಾರು 2.5 ಕೋಟಿ ಮಕ್ಕಳು ಈ ಬಸ್ಸುಗಳಲ್ಲಿ ಓಡಾಡುತ್ತಾರೆ. ಬಸ್ಸು ನಿಂತು ಕೆಂಪು ದೀಪ ಮಿನುಗಿ, ಪಕ್ಕದಿಂದ ‘ನಿಲ್ಲಿ’ ಎಂಬ ಫಲಕ ಹೊರಚಾಚಿದರೆ ಹಿಂದಿನ ವಾಹನಗಳು ನಿಲ್ಲಬೇಕು. ನಡುವೆ ವಿಭಜಕವಿಲ್ಲದ ರಸ್ತೆಯಾದರೆ ಎದುರಿನಿಂದ ಬರುವವೂ ನಿಲ್ಲಬೇಕು. ಎತ್ತರವಾದ, ಮೆತ್ತೆ ಹೊದಿಸಿದ ಸೀಟುಗಳನ್ನು ಹತ್ತಿರ ಹತ್ತಿರ ಜೋಡಿಸಿರುವುದಕ್ಕೂ ಕಾರಣವಿದೆ. ಬಸ್ಸು ಏನಕ್ಕಾದರೂ ಗುದ್ದಿದರೆ ಮಗು ಮುಂದಿನ ಸೀಟಿನ ಬೆನ್ನಿಗೆ ಒರಗಿ ಉಳಿಯಬೇಕೆಂದು 1977ರಿಂದ ಈ ವಿನ್ಯಾಸ ಜಾರಿಯಲ್ಲಿದೆ.

ಭಾರತದ ಶಾಲಾ ಬಸ್ಸುಗಳ ಹಳದಿಯ ಹಿಂದೆ ಒಂದು ದುರಂತವಿದೆ. 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಉರುಳಿ ಹಲವು ಮಕ್ಕಳು ಸತ್ತರು. ಎಂ.ಸಿ. ಮೆಹ್ತಾ ಎಂಬವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷ ಶಾಲಾ ಬಸ್ಸುಗಳ ಬಗ್ಗೆ ನಿರ್ದೇಶನಗಳನ್ನು ಕೊಟ್ಟಿತು. ಹಳದಿ ಬಣ್ಣ, ವೇಗ ನಿಯಂತ್ರಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳು ನಿಯಮಗಳಾದದ್ದು ಆ ಬಳಿಕ.

ಆದರೆ ಕರ್ನಾಟಕದ ಹಳ್ಳಿಗಳಲ್ಲಿ ಶಾಲಾ ಬಸ್ಸಿನ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಸಾರಿಗೆ ನಿಗಮದ ಕೆಂಪು ಬಸ್ಸು. ಜೂನ್ ಬಂತೆಂದರೆ ವಿದ್ಯಾರ್ಥಿ ಪಾಸಿನ ಗಡಿಬಿಡಿ. ಬೆಳಗಿನ ಒಂದು ಬಸ್ಸು, ಸಂಜೆಯ ಒಂದು ಬಸ್ಸು ಎಷ್ಟೋ ಊರುಗಳ ಮಕ್ಕಳ ವೇಳಾಪಟ್ಟಿಯನ್ನೇ ನಿರ್ಧರಿಸುತ್ತವೆ. ಸಂಜೆಯ ಬಸ್ಸು ತಪ್ಪೀತೆಂದು ಕೊನೆಯ ಪೀರಿಯಡ್ಡಿಗೆ ಮೊದಲೇ ಏಳುವವರಿರುತ್ತಾರೆ. 2023ರ ಜೂನ್ 11ರಂದು ಆರಂಭವಾದ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆಯಿಂದ ಹುಡುಗಿಯರಿಗೆ ಪಾಸಿನ ಖರ್ಚು ಉಳಿಯಿತು. ಆದರೆ ಟಿಕೆಟ್ ಉಚಿತವಾದರೂ ಬಸ್ಸೇ ಬಾರದ ಊರಿನ ಮಕ್ಕಳಿಗೆ ನಡಿಗೆ ತಪ್ಪುವುದಿಲ್ಲ.

ಹೊಳೆ, ಬಂಡೆ, ಹಿಮ

ಮಲೆನಾಡಿನಲ್ಲಿ, ಕರಾವಳಿಯಲ್ಲಿ ದೂರಕ್ಕಿಂತ ಹಳ್ಳವೇ ದೊಡ್ಡ ಅಡ್ಡಿ. ಅಡಕೆ ಮರದ ಕಾಂಡಗಳನ್ನು ಜೋಡಿಸಿ ಕಟ್ಟಿ ಊರಿನವರೇ ಹಾಕಿಕೊಳ್ಳುವ ಕಾಲುಸಂಕವೇ ಅಲ್ಲಿನ ಮಕ್ಕಳ ದಾರಿ. ಬೇಸಿಗೆಯಲ್ಲಿ ಹಳ್ಳಕ್ಕಿಳಿದು ದಾಟಬಹುದು. ಮಳೆಗಾಲದಲ್ಲಿ ಪಾಚಿಗಟ್ಟಿದ ಸಂಕವೇ ಗತಿ. ಜೋರು ಮಳೆಗೆ ಶಾಲೆಗೆ ರಜೆ ಘೋಷಿಸುವಾಗ ಜಿಲ್ಲಾಡಳಿತದ ಮನಸ್ಸಿನಲ್ಲಿ ಈ ಸಂಕಗಳೂ ಇರುತ್ತವೆ. 1989ರಲ್ಲಿ ಸುಳ್ಯದ ಬಳಿಯ ಅರಂಬೂರಿನಲ್ಲಿ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಪಯಸ್ವಿನಿ ನದಿಗೆ ತೂಗುಸೇತುವೆಯೊಂದನ್ನು ಕಟ್ಟಿದರು. ಕಡಿಮೆ ಖರ್ಚಿನಲ್ಲಿ, ಕೆಲವೇ ತಿಂಗಳಲ್ಲಿ ಮುಗಿಯುವ ಈ ಮಾದರಿಯ ನೂರಕ್ಕೂ ಹೆಚ್ಚು ಸೇತುವೆಗಳನ್ನು ಅವರು ಕರ್ನಾಟಕ ಮತ್ತು ಹೊರರಾಜ್ಯಗಳಲ್ಲಿ ನಿರ್ಮಿಸಿದ್ದಾರೆ. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಕಾಲುಸಂಕಗಳ ಜಾಗದಲ್ಲಿ ಗಟ್ಟಿ ಕಿರುಸೇತುವೆ ಕಟ್ಟಲು ರಾಜ್ಯ ಸರ್ಕಾರ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯನ್ನೂ ತಂದಿತು.

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳು ಹಿನ್ನೀರಿನ ಆಚೆ ಉಳಿದವು. ಸಾಗರದ ಕಡೆಗೆ ಓದಲು ಬರುವವರಿಗೆ ಲಾಂಚೇ ಆಧಾರವಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ.

ಚೀನಾದ ಸಿಚುವಾನ್ ಪ್ರಾಂತದ ಅತುಲೆಯರ್ ಹಳ್ಳಿ 800 ಮೀಟರ್ ಎತ್ತರದ ಕಡಿದಾದ ಬಂಡೆಯ ನೆತ್ತಿಯ ಮೇಲಿತ್ತು. ಮಕ್ಕಳು ಕೆಳಗಿನ ಶಾಲೆಯಲ್ಲೇ ಉಳಿದು ಓದಿ, ಎರಡು ವಾರಕ್ಕೊಮ್ಮೆ ಬಳ್ಳಿ ಮತ್ತು ಕಟ್ಟಿಗೆಯ ಏಣಿಗಳನ್ನು ಹತ್ತಿ ಮನೆಗೆ ಹೋಗುತ್ತಿದ್ದರು. 2016ರ ಮೇ ತಿಂಗಳಲ್ಲಿ ಬೀಜಿಂಗಿನ ಪತ್ರಿಕೆಯೊಂದರಲ್ಲಿ ಚಿತ್ರಗಳು ಪ್ರಕಟವಾಗಿ ಸುದ್ದಿಯಾಯಿತು. ಅದೇ ವರ್ಷ ಉಕ್ಕಿನ ಏಣಿ ಬಂತು. 2020ರಲ್ಲಿ 84 ಕುಟುಂಬಗಳನ್ನು ತಾಲ್ಲೂಕು ಕೇಂದ್ರದ ಹೊಸ ಮನೆಗಳಿಗೆ ಸ್ಥಳಾಂತರಿಸಲಾಯಿತು.

ಲಡಾಖಿನ ಝನ್ಸ್ಕಾರ್ ಕಣಿವೆಯ ದಾರಿಗಳು ಚಳಿಗಾಲದಲ್ಲಿ ಹಿಮದಡಿ ಮುಚ್ಚಿಹೋಗುತ್ತಿದ್ದವು. ಲೇಹ್‌ನ ವಸತಿ ಶಾಲೆಗಳಲ್ಲಿ ಓದುವ ಮಕ್ಕಳು ರಜೆ ಮುಗಿದಾಗ ಅಪ್ಪಂದಿರ ಜೊತೆ ಹೆಪ್ಪುಗಟ್ಟಿದ ಝನ್ಸ್ಕಾರ್ ನದಿಯ ಮೇಲೆ ದಿನಗಟ್ಟಲೆ ನಡೆದು ಹೋಗುತ್ತಿದ್ದರು. ಆ ಹಿಮದ ಹಾಸಿಗೆ ‘ಚಾದರ್’ ಎಂದು ಹೆಸರು. ಕನ್ನಡದ ಚಾದರವೂ ಅದೇ ಪದ. ಅದು ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ತೆಳುವಾಗಿದೆ ಎಂಬುದನ್ನು ಕೋಲು ಬಡಿದು, ಸದ್ದು ಕೇಳಿ ತಿಳಿಯಬೇಕು. 2024ರ ಮಾರ್ಚ್‌ನಲ್ಲಿ ನಿಮ್ಮು–ಪದುಮ್–ದಾರ್ಚಾ ರಸ್ತೆ ಬೆಸೆದ ಮೇಲೆ ಈ ನಡಿಗೆಯ ಅಗತ್ಯ ಕಡಿಮೆಯಾಗುತ್ತಿದೆ.

2013ರಲ್ಲಿ ಫ್ರೆಂಚ್ ನಿರ್ದೇಶಕ ಪಾಸ್ಕಲ್ ಪ್ಲಿಸೋ ಇಂಥ ನಾಲ್ಕು ದಾರಿಗಳನ್ನು ಸಾಕ್ಷ್ಯಚಿತ್ರವಾಗಿಸಿದರು. ಕೆನ್ಯಾದ ಅಣ್ಣತಂಗಿ ಆನೆಗಳಿರುವ ಬಯಲಿನಲ್ಲಿ 15 ಕಿಲೋಮೀಟರ್ ನಡೆಯುತ್ತಾರೆ. ಮೊರಾಕ್ಕೊದ ಹುಡುಗಿ ಅಟ್ಲಾಸ್ ಬೆಟ್ಟಗಳಲ್ಲಿ ವಾರಕ್ಕೊಮ್ಮೆ 22 ಕಿಲೋಮೀಟರ್ ಸಾಗುತ್ತಾಳೆ. ಅರ್ಜೆಂಟೀನಾದ ಹುಡುಗ ತಂಗಿಯನ್ನು ಹಿಂದೆ ಕೂರಿಸಿಕೊಂಡು ಕುದುರೆ ಏರುತ್ತಾನೆ. ಬಂಗಾಳ ಕೊಲ್ಲಿಯ ತೀರದ ಭಾರತೀಯ ಹುಡುಗನನ್ನು ತಮ್ಮಂದಿರಿಬ್ಬರು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುತ್ತಾರೆ.

ಮಗು ಶಾಲೆಗೆ ಹೋಗಲಾಗದ ಕಡೆ ಶಾಲೆಯೇ ಹೊರಟು ಬಂದದ್ದೂ ಉಂಟು. ಮಳೆಗಾಲದಲ್ಲಿ ನೆರೆಯಲ್ಲಿ ಮುಳುಗುವ ಬಾಂಗ್ಲಾದೇಶದ ಚಲನ್ ಬಿಲ್ ಪ್ರದೇಶದಲ್ಲಿ ವಾಸ್ತುಶಿಲ್ಪಿ ಮೊಹಮ್ಮದ್ ರೆಜ್ವಾನ್ 2002ರಲ್ಲಿ ದೋಣಿ ಶಾಲೆ ಆರಂಭಿಸಿದರು. ದೋಣಿ ದಡದಿಂದ ದಡಕ್ಕೆ ಹೋಗಿ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ಆಮೇಲೆ ಒಂದೆಡೆ ನಿಂತು ಅದೇ ತರಗತಿಯಾಗುತ್ತದೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ನೂರಾರು ಕಿಲೋಮೀಟರ್ ಅಂತರದ ಒಂಟಿಮನೆಗಳ ಮಕ್ಕಳಿಗಾಗಿ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ರೇಡಿಯೊ ಪಾಠಗಳು ಶುರುವಾದವು.

ಜನರೇ ಅಡ್ಡನಿಂತಾಗ

ಕೆಲವು ಮಕ್ಕಳ ದಾರಿಗೆ ಅಡ್ಡಬಂದದ್ದು ನದಿಯಲ್ಲ, ಮನುಷ್ಯರು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭಿಸಿದ ಸಾವಿತ್ರಿಬಾಯಿ ಫುಲೆ ಪಾಠ ಹೇಳಲು ಹೊರಟಾಗ ಜನ ಕೆಸರು, ಸಗಣಿ ಎರಚುತ್ತಿದ್ದರು. ಅದಕ್ಕಾಗಿ ಅವರು ಇನ್ನೊಂದು ಸೀರೆ ಒಯ್ಯುತ್ತಿದ್ದರೆಂಬುದು ಪ್ರಸಿದ್ಧ. ಅಮೆರಿಕದ ಟೊಪೀಕಾ ಊರಿನ ಕಪ್ಪು ಹುಡುಗಿ ಲಿಂಡಾ ಬ್ರೌನ್ ಮನೆ ಹತ್ತಿರದ ಬಿಳಿಯರ ಶಾಲೆಯನ್ನು ಬಿಟ್ಟು, ರೈಲು ಹಳಿಗಳ ನಡುವೆ ನಡೆದು, ಬಸ್ಸು ಹಿಡಿದು ದೂರದ ಶಾಲೆಗೆ ಹೋಗಬೇಕಿತ್ತು. ವರ್ಣಭೇದದ ಶಾಲೆಗಳು ಸಂವಿಧಾನಬಾಹಿರ ಎಂಬ 1954ರ ತೀರ್ಪು ಬಂದದ್ದು ಆಕೆಯ ಕುಟುಂಬದ ಹೆಸರಿರುವ ಮೊಕದ್ದಮೆಯಲ್ಲಿ. 1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಆರು ವರ್ಷದ ರೂಬಿ ಬ್ರಿಜಸ್ ನಾಲ್ವರು ಫೆಡರಲ್ ಮಾರ್ಷಲ್‌ಗಳ ಕಾವಲಿನಲ್ಲಿ ಬಿಳಿಯರ ಶಾಲೆಗೆ ಕಾಲಿಟ್ಟಳು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬಿಳಿ, ಕಪ್ಪು ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಲು ಬಸ್ಸು ಬಳಸಬಹುದೆಂದಿತು. 1974ರಲ್ಲಿ ಬಾಸ್ಟನ್‌ನ ಬೀದಿಗಳಲ್ಲಿ ಆ ಬಸ್ಸುಗಳ ಮೇಲೆ ಕಲ್ಲು ಬಿದ್ದವು. ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ 2012ರ ಅಕ್ಟೋಬರ್ 9ರಂದು ವಿದ್ಯಾರ್ಥಿನಿ ಮಲಾಲಾ ಯೂಸುಫ್‌ಝಾಯಿ ಮೇಲೆ ಗುಂಡು ಹಾರಿದ್ದು ಶಾಲೆಯಿಂದ ಮರಳುವ ವಾಹನದಲ್ಲಿ.

ಕಾರು ಬಂತು, ನಡಿಗೆ ಹೋಯಿತು

ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ 80ರಷ್ಟು ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರ ಹೊತ್ತಿಗೆ ಅದು ಶೇ 9ಕ್ಕೆ ಇಳಿದಿತ್ತು. ಅಮೆರಿಕದಲ್ಲಿ 1969ರಲ್ಲಿ ಎಂಟನೇ ತರಗತಿವರೆಗಿನ ಮಕ್ಕಳಲ್ಲಿ ಅರ್ಧಕ್ಕೆ ಹತ್ತಿರ ಜನ ನಡೆದೋ ಸೈಕಲ್ಲಿನಲ್ಲೋ ಹೋಗುತ್ತಿದ್ದರೆ, 2009ರಲ್ಲಿ ಶೇ 13 ಮಂದಿ ಮಾತ್ರ. ರಸ್ತೆಯಲ್ಲಿ ವಾಹನ ಹೆಚ್ಚಿತೆಂದು ಪೋಷಕರು ಮಗುವನ್ನು ಕಾರಿನಲ್ಲಿ ಬಿಡುತ್ತಾರೆ. ಅದರಿಂದ ಶಾಲೆಯ ಮುಂದೆ ಇನ್ನಷ್ಟು ಕಾರು ಸೇರುತ್ತವೆ. ನಡೆದು ಬರುವ ಮಗುವಿಗೆ ಅಪಾಯ ಮತ್ತೂ ಹೆಚ್ಚುತ್ತದೆ. ಭಾರತದ ನಗರಗಳಲ್ಲೂ ಇದೇ ಸುಳಿ ತಿರುಗುತ್ತಿದೆ. ಪಕ್ಕದ ಬೀದಿಯ ಶಾಲೆ ಬಿಟ್ಟು ನಗರದ ಇನ್ನೊಂದು ತುದಿಯ ಶಾಲೆ ಆರಿಸುವುದರಿಂದ ದಾರಿ ಬೆಳೆಯುತ್ತದೆ. ಬೆಂಗಳೂರಿನ ಬೆಳಗು ಎಂದರೆ ಶಾಲಾ ವ್ಯಾನುಗಳು, ಹೊರಗೆ ಪಾಟಿಚೀಲ ತೂಗುಹಾಕಿದ ಆಟೊಗಳು, ಅಪ್ಪ ಅಮ್ಮನ ನಡುವೆ ಸ್ಕೂಟರಿನಲ್ಲಿ ಇಕ್ಕಟ್ಟಾಗಿ ಕೂತ ಮಕ್ಕಳು.

ಈ ಸುಳಿಯಿಂದ ಹೊರಬರುವ ಯತ್ನಗಳೂ ನಡೆದಿವೆ. ಇಟಲಿಯ ಬೊಲ್ಜಾನೊ ಊರು 1989ರಲ್ಲೇ ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಶಾಲೆಯ ಬೀದಿಗೆ ವಾಹನ ಬರದಂತೆ ಮಾಡಿತು. ಈಗ ಲಂಡನ್, ಪ್ಯಾರಿಸ್‌ಗಳಲ್ಲಿ ಇಂಥ ಬೀದಿಗಳು ನೂರಾರು. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದಲ್ಲಿ ‘ನಡೆಯುವ ಬಸ್ಸು’ ಎಂಬ ಕಲ್ಪನೆ ಕೊಟ್ಟರು. ಇಬ್ಬರು ಪೋಷಕರು ಗೊತ್ತಾದ ದಾರಿಯಲ್ಲಿ ಗೊತ್ತಾದ ಹೊತ್ತಿಗೆ ಹೊರಡುತ್ತಾರೆ. ಒಂದೊಂದು ನಿಲ್ದಾಣದಲ್ಲೂ ಮಕ್ಕಳು ಸೇರಿಕೊಳ್ಳುತ್ತ ಹೋಗುತ್ತಾರೆ. ಬಾರ್ಸಿಲೋನಾದಲ್ಲಿ 2021ರಿಂದ ಇದನ್ನೇ ಸೈಕಲ್ಲಿನಲ್ಲಿ ಮಾಡಲಾಗುತ್ತಿದೆ. ಜಪಾನಿನ ಕೇರಿಯ ಮಕ್ಕಳ ಸಾಲನ್ನೇ ಈ ಊರುಗಳು ಹೊಸ ಹೆಸರಿನಲ್ಲಿ ಕಟ್ಟಿಕೊಂಡಂತಾಗಿದೆ.

ಕಾನೂನಿನ ಅಳತೆಗೋಲು

ಮಗು ಎಷ್ಟು ದೂರ ಹೋಗಬಹುದು ಎಂಬುದನ್ನು ಹಲವು ದೇಶಗಳು ಅಂಕಿಯಲ್ಲೇ ಬರೆದಿಟ್ಟಿವೆ. ಜಪಾನಿನಲ್ಲಿ ಪ್ರಾಥಮಿಕ ಶಾಲೆಗೆ 4 ಕಿಲೋಮೀಟರ್, ಮುಂದಿನ ಹಂತಕ್ಕೆ 6 ಕಿಲೋಮೀಟರ್ ಒಳಗಿನ ದೂರ ಸೂಕ್ತವೆಂದು ಪರಿಗಣಿಸಲಾಗುತ್ತದೆ. ಫಿನ್ಲೆಂಡಿನಲ್ಲಿ ಶಾಲೆ 5 ಕಿಲೋಮೀಟರಿಗಿಂತ ದೂರವಿದ್ದರೆ ಸ್ಥಳೀಯ ಆಡಳಿತ ಉಚಿತ ಸಾರಿಗೆ ಒದಗಿಸಬೇಕು. ದೂರ ಕಡಿಮೆಯಿದ್ದರೂ ದಾರಿ ಕಷ್ಟದ್ದು ಅಥವಾ ಅಪಾಯದ್ದಾದರೆ ಈ ಸೌಲಭ್ಯ ಸಿಗುತ್ತದೆ. ಚಳಿಗಾಲದ ಕತ್ತಲಲ್ಲಿ ನಡೆಯುವವರು ಬೆಳಕು ಪ್ರತಿಫಲಿಸುವ ಬಿಲ್ಲೆ ಧರಿಸಬೇಕೆಂದೂ ಅಲ್ಲಿನ ಕಾನೂನು ಹೇಳುತ್ತದೆ.

ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ಸರ್ಕಾರ 2010ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆ ಮಗು ನಡೆದು ಹೋಗಬಹುದಾದ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟನೇ ತರಗತಿಯದು 3 ಕಿಲೋಮೀಟರ್ ಒಳಗೆ ಇರಬೇಕು. ಶಾಲೆಯಿಲ್ಲದ ಚಿಕ್ಕ ಊರುಗಳ ಮಕ್ಕಳಿಗೆ ಉಚಿತ ಸಾರಿಗೆಯಂಥ ಏರ್ಪಾಡು ಮಾಡಬೇಕು. ಕಡಿದಾದ ನೆಲ, ಭೂಕುಸಿತ ಅಥವಾ ನೆರೆಯ ಭಯ, ರಸ್ತೆಯ ಕೊರತೆ ಇರುವ ಕಡೆ ಈ ದೂರವನ್ನು ಇನ್ನೂ ಕಡಿಮೆ ಮಾಡಿ, ಆ ಅಪಾಯ ಎದುರಾಗದಂಥ ಜಾಗದಲ್ಲಿ ಶಾಲೆ ತೆರೆಯಬೇಕೆಂದೂ ಅದೇ ನಿಯಮ ಹೇಳುತ್ತದೆ. ಈ ಮಾತಿನ ಲೆಕ್ಕದಲ್ಲಿ, ಮಳೆಗಾಲದ ಹಳ್ಳ ಅಡ್ಡವಿರುವ ಅರ್ಧ ಕಿಲೋಮೀಟರು ಬಯಲುಸೀಮೆಯ ಅರ್ಧ ಕಿಲೋಮೀಟರಿಗೆ ಸಮವಲ್ಲ.